ಕುಂಡ ಬದಲಿಸಿದ ಗಿಡವನ್ನು ಸ್ವಲ್ಪ ದಿನ ಸುಮ್ಮನೆ ಬಿಡಿ

ನಮ್ಮ ಶಾಲೆಯ ಜಗಲಿ ಪಕ್ಕ ಒಂದು ಕೆಂಪು ದಾಸವಾಳದ ಗಿಡ ಇದೆ. ನಾನು ಈ ಶಾಲೆಗೆ ಬರುವ ಮೊದಲೇ ಯಾರೋ ಮಕ್ಕಳು ಮನೆಯಿಂದ ಒಂದು ಕಡ್ಡಿ ತಂದು, ಖಾಲಿ ಪೇಂಟ್ ಡಬ್ಬದಲ್ಲಿ ನೆಟ್ಟಿದ್ದಂತೆ. ಎಷ್ಟೋ ವರ್ಷ ಅದೇ ಡಬ್ಬದಲ್ಲಿ ಹೂ ಬಿಟ್ಟಿತು. ಸರಸ್ವತಿ ಪೂಜೆಗೆ ಅದರದ್ದೇ ಹೂ, ಐದನೇ ತರಗತಿಯ ಹೂವಿನ ಭಾಗಗಳ ಪಾಠಕ್ಕೂ ಅದರದ್ದೇ ಹೂ. ಎರಡು ವರ್ಷದ ಹಿಂದೆ ಆ ಗಿಡವನ್ನು ನಾನು ಹೆಚ್ಚುಕಡಿಮೆ ಕೊಂದೇಬಿಟ್ಟಿದ್ದೆ. ಅದಕ್ಕಿಂತ ದೊಡ್ಡ ತಪ್ಪೆಂದರೆ, ಕೊಂದ ಅಪವಾದವನ್ನು ಒಂದು ಮಗುವಿನ ತಲೆಗೆ ಕಟ್ಟಿದ್ದೆ. ಅದನ್ನು ಹೇಳಿಕೊಳ್ಳದೆ ಈ ವಿಷಯ ಬರೆಯುವುದು ಸರಿಯಲ್ಲ ಅನ್ನಿಸಿ ಇಷ್ಟು ದಿನ ಬರೆದಿರಲಿಲ್ಲ.

ಆದದ್ದು ಇಷ್ಟು. ಬೇಸಿಗೆ ರಜೆ ಮುಗಿದು ಜೂನ್‌ನಲ್ಲಿ ಶಾಲೆ ತೆರೆದಾಗ ಡಬ್ಬ ಬಿರುಕು ಬಿಟ್ಟಿತ್ತು. ತಳದ ತೂತಿನಿಂದ ಬೇರು ಹೊರಗೆ ಬಂದು ನೆಲಕ್ಕೆ ಇಳಿಯಲು ನೋಡುತ್ತಿತ್ತು. ಜೂನ್ 5 ಪರಿಸರ ದಿನ ಬೇರೆ. ಊರಿನ ಒಬ್ಬರು ಒಂದು ದೊಡ್ಡ ಸಿಮೆಂಟ್ ಕುಂಡ ಕೊಟ್ಟರು. ಮಕ್ಕಳೆಲ್ಲ ಸುತ್ತ ನಿಂತು ಚಪ್ಪಾಳೆ ತಟ್ಟುವಾಗ ಡಬ್ಬ ಸೀಳಿ, ಬೇರಿನ ಮುದ್ದೆಯನ್ನು ಬಿಡಿಸಿ, ಹೊಸ ಕುಂಡದಲ್ಲಿ ಕೂರಿಸಿದೆವು. ತಳಕ್ಕೆ ಜಲ್ಲಿ ಹಾಕಿದೆವು. ಒಂದು ಹಿಡಿ ಡಿಎಪಿ ಹಾಕಿದರೆ ಬೇಗ ಚಿಗುರುತ್ತದೆ ಎಂದು ಯಾರೋ ಹೇಳಿದರು, ಅದನ್ನೂ ಹಾಕಿದೆ. ಒಂದು ಬಿಂದಿಗೆ ನೀರು ಸುರಿದು, ಎಲ್ಲರಿಗೂ ಕಾಣಲಿ ಎಂದು ಧ್ವಜಸ್ತಂಭದ ಪಕ್ಕ ಬಿಸಿಲಿನಲ್ಲಿ ಇಟ್ಟೆವು. ಅಂದರೆ ಒಂದು ಗಿಡಕ್ಕೆ ಮಾಡಬಾರದ ಅಷ್ಟನ್ನೂ ಒಂದೇ ದಿನ, ಅದೂ ಪರಿಸರ ದಿನದಂದೇ ಮಾಡಿ ಮುಗಿಸಿದೆವು!

ನಾಲ್ಕನೇ ದಿನಕ್ಕೆ ಎಲೆ ಜೋತುಬಿತ್ತು. ಮೊಗ್ಗು ಪಟಪಟ ಉದುರಿದವು. ವಾರ ಕಳೆಯುವಷ್ಟರಲ್ಲಿ ಎಲೆಗಳು ಹಳದಿ.

ಆ ವರ್ಷ ನಮ್ಮಲ್ಲಿಗೆ ಹೊಸದಾಗಿ ಸೇರಿದ್ದ ಒಬ್ಬಳು ಹುಡುಗಿಗೆ ಗಿಡಗಳ ಕೆಲಸ ಕೊಟ್ಟಿದ್ದೆ. ಅವಳ ಅಪ್ಪ ಅಮ್ಮ ತಿರುಪ್ಪೂರಿನಲ್ಲಿ ಬನಿಯನ್ ಕಂಪನಿ ಕೆಲಸಕ್ಕೆ ಹೋಗಿ ಕೆಲವು ವರ್ಷ ಇದ್ದು ವಾಪಸ್ ಬಂದವರು. ನಮ್ಮ ತಾಳವಾಡಿ ಬೆಟ್ಟದ ಮೇಲಿನ ಊರುಗಳಲ್ಲಿ ಇದು ಹೊಸತೇನಲ್ಲ, ದಿಂಬಂ ಘಾಟಿಯ 27 ತಿರುವು ಇಳಿದು ಕೆಲಸಕ್ಕೆ ಹೋಗುವವರು, ಹತ್ತಿ ಬರುವವರು ಇದ್ದೇ ಇರುತ್ತಾರೆ. ಹುಡುಗಿ ಮನೆಯಲ್ಲಿ ಕನ್ನಡ ಆಡುತ್ತಿದ್ದಳು, ಆದರೆ ಓದಿದ್ದೆಲ್ಲ ತಮಿಳಿನಲ್ಲಿ. ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಗಿಡಕ್ಕೆ ನೀರು ಹಾಕುವ ಕೆಲಸ ಕೊಟ್ಟರೆ ಉಳಿದ ಮಕ್ಕಳ ಜೊತೆ ಬೆರೆಯುತ್ತಾಳೆ ಅಂದುಕೊಂಡಿದ್ದೆ.

ಬಾಡಿದ ಗಿಡ ನೋಡಿದ ತಕ್ಷಣ ನನ್ನ ಬಾಯಿಗೆ ಬಂದದ್ದು ಒಂದೇ ಮಾತು. "ನೀರು ಹಾಕಿಲ್ವಾ? ಒಂದು ಕೆಲಸ ಹೇಳಿದ್ರೆ ನೆಟ್ಟಗೆ ಮಾಡಕ್ಕಾಗಲ್ವಾ?" ಎಲ್ಲ ಮಕ್ಕಳ ಎದುರಿಗೇ ಬೈದೆ. ಅವಳು ಏನೂ ಹೇಳಲಿಲ್ಲ. ಮಾರನೇ ದಿನದಿಂದ ಮಿಕ್ಕ ಮಕ್ಕಳು "ಇವಳೇ ಗಿಡ ಸಾಯ್ಸಿದ್ದು" ಎಂದು ಆಡಿಕೊಳ್ಳತೊಡಗಿದರು.

ಸತ್ಯ ತಿಳಿದದ್ದು ಮತ್ತೂ ಒಂದು ವಾರದ ನಂತರ. ಒಂದು ದಿನ ಬೇಗ ಬಂದಾಗ ನೋಡಿದೆ. ಆ ಹುಡುಗಿ ಬಕೆಟ್ಟಿನಲ್ಲಿ ನೀರು ಹೊತ್ತು ತಂದು ಕುಂಡದ ಅಂಚಿನವರೆಗೆ ತುಂಬಿಸುತ್ತಿದ್ದಳು. ನೀರು ಕೆಳಗೆ ಇಳಿಯುತ್ತಲೇ ಇರಲಿಲ್ಲ, ಕೆಸರಾಗಿ ನಿಂತಿತ್ತು. "ಯಾಕಮ್ಮ ಇಷ್ಟು?" ಅಂದರೆ, "ನೀವೇ ಹೇಳಿದ್ರಲ್ಲ ಮಿಸ್, ದಿನಾ ತೊಟ್ಟಿ ತುಂಬಿಸು ಅಂತ" ಅಂದಳು.

ನಾನು ಹೇಳಿದ್ದು ಮಕ್ಕಳು ತಟ್ಟೆ ತೊಳೆಯುವ ಸಿಮೆಂಟ್ ತೊಟ್ಟಿಯನ್ನು. ತಮಿಳಿನಲ್ಲಿ ನೀರಿನ ತೊಟ್ಟಿಗೂ ತೊಟ್ಟಿಯೇ, ಹೂವಿನ ಕುಂಡಕ್ಕೂ ತೊಟ್ಟಿಯೇ, ಪೂಂತೊಟ್ಟಿ. ಗಿಡದ ಕೆಲಸ ಕೊಟ್ಟವರು "ತೊಟ್ಟಿ ತುಂಬಿಸು" ಅಂದರೆ ಆ ಮಗು ಕುಂಡ ಎಂದೇ ತಿಳಿದುಕೊಂಡಿತು. ಅವಳು ಹೇಳಿದ ಕೆಲಸವನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ನಾನು ಬೈದ ಮೇಲೆ ಇನ್ನೂ ಒಂದು ಬಕೆಟ್ ಹೆಚ್ಚಿಗೆ ಹಾಕಿದ್ದಳು.

ಈ ಘಟನೆ ಆದಮೇಲೆ ನಾನು ಕುಂಡ ಬದಲಿಸುವ ವಿಷಯವನ್ನು ಸರಿಯಾಗಿ ತಿಳಿದುಕೊಳ್ಳಲು ಕೂತೆ. ನನ್ನ ಬಿಎ ಕಲಾ ವಿಭಾಗದ್ದು, ವಿಜ್ಞಾನವೆಲ್ಲ ಟಿಸಿಎಚ್ ಮಟ್ಟದ್ದು. ಆದರೂ ಓದಿ, ಮಾಡಿ ನೋಡಿ ನನಗೆ ಖಚಿತವಾದ ಅಭಿಪ್ರಾಯ ಹೇಳುತ್ತೇನೆ. ಕುಂಡ ಬದಲಿಸಿದ ಗಿಡ ಸಾಯುವುದು ಹೆಚ್ಚಿನ ಸಲ ನಾವು ಗಾಬರಿಯಿಂದ ಮಾಡುವ ಉಪಚಾರದಿಂದ. ಬಾಡುವುದು ಸಹಜ. ಆ ಮೇಲೆ ನಾವು ಸುರಿಯುವ ನೀರು, ಹಾಕುವ ಗೊಬ್ಬರ, ಇಡುವ ಬಿಸಿಲು, ಇವೇ ಅದನ್ನು ಮುಗಿಸುವುದು.

ಯಾಕೆ ಬಾಡುತ್ತದೆ? ಪಾಠದಲ್ಲಿ ನಾವೇ ಹೇಳುತ್ತೇವೆ: ಬೇರು ನೀರು ಹೀರುತ್ತದೆ ಅಂತ. ಆದರೆ ನಮ್ಮ ಕಣ್ಣಿಗೆ ಕಾಣುವ ದಪ್ಪ ಬೇರು ಹೀರುವುದು ಬಹಳ ಕಡಿಮೆ. ನೀರಿನ ಹೆಚ್ಚಿನ ಭಾಗವನ್ನು ಎಳೆದುಕೊಳ್ಳುವುದು ಎಳೆ ಬೇರಿನ ತುದಿಯ ಹತ್ತಿರ ಇರುವ ಬೇರುರೋಮಗಳು. ಒಂದೊಂದು ರೋಮವೂ ಬೇರಿನ ಹೊರಪದರದ ಒಂದೇ ಒಂದು ಜೀವಕೋಶ ಉದ್ದಕ್ಕೆ ಚಾಚಿಕೊಂಡದ್ದು. ಅವು ಎಷ್ಟಿರುತ್ತವೆ ಗೊತ್ತೇ? ಅಮೆರಿಕದ ಡಿಟ್ಮರ್ ಎಂಬ ವಿಜ್ಞಾನಿ ಒಂದಡಿ ಚೌಕದ, ಎರಡಡಿಗಿಂತ ಕಡಿಮೆ ಆಳದ ಪೆಟ್ಟಿಗೆಯಲ್ಲಿ ನಾಲ್ಕು ತಿಂಗಳು ಬೆಳೆಸಿದ ಒಂದೇ ಒಂದು ರೈ ಗಿಡದ (ಗೋಧಿ ಜಾತಿಯ ಬೆಳೆ) ಬೇರನ್ನು ಲೆಕ್ಕ ಹಾಕಿ 1937ರಲ್ಲಿ ಪ್ರಕಟಿಸಿದರು. ಬೇರುಗಳನ್ನೆಲ್ಲ ಒಂದಕ್ಕೊಂದು ಜೋಡಿಸಿದರೆ 600 ಕಿಲೋಮೀಟರಿಗೂ ಹೆಚ್ಚು. ತಾಳವಾಡಿಯಿಂದ ಬೆಂಗಳೂರಿಗೆ ಹೋಗಿ ಬಂದರೂ ಅಷ್ಟು ದೂರ ಆಗುವುದಿಲ್ಲ. ಬೇರುರೋಮಗಳು ಸುಮಾರು 1400 ಕೋಟಿ!

ನಾವು ಗಿಡವನ್ನು ಡಬ್ಬದಿಂದ ಎಳೆದು, ಮಣ್ಣು ಕೊಡವಿ, ಸಿಕ್ಕು ಬಿಡಿಸುವಾಗ ಒಡೆಯುವುದು ಇವೇ. ಅದರ ಮೇಲೆ ಎಷ್ಟು ಜೋಪಾನ ಮಾಡಿದರೂ ಒಂದಿಷ್ಟು ಹೋಗಿಯೇ ಹೋಗುತ್ತವೆ. ಇತ್ತ ಎಲೆಗಳಿಗೆ ಕೆಳಗೆ ಆದದ್ದು ಗೊತ್ತಿಲ್ಲ. ಅವು ಎಂದಿನಂತೆ ಪತ್ರರಂಧ್ರಗಳಿಂದ ನೀರನ್ನು ಆವಿಯಾಗಿ ಬಿಡುತ್ತಲೇ ಇರುತ್ತವೆ. ನಮ್ಮ ಪುಸ್ತಕದಲ್ಲಿ ಬಾಷ್ಪವಿಸರ್ಜನೆ ಎಂದು ಬರುತ್ತದಲ್ಲ, ಅದೇ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಇದನ್ನು ಮುನ್ನೂರು ವರ್ಷದ ಹಿಂದೆಯೇ ಅಳೆದಿದ್ದರು. ಕುಂಡದಲ್ಲಿದ್ದ ಸೂರ್ಯಕಾಂತಿ ಗಿಡ ತೆಗೆದುಕೊಂಡು, ಮಣ್ಣಿನಿಂದ ಆವಿ ಹೋಗದಂತೆ ಕುಂಡದ ಬಾಯಿಯನ್ನು ತೆಳು ಸೀಸದ ತಗಡಿನಿಂದ ಮುಚ್ಚಿ, ಬೆಳಿಗ್ಗೆ ಸಂಜೆ ತೂಕ ಹಾಕಿ ನೋಡಿದರು. ಆ ಪ್ರಯೋಗಗಳ ಪುಸ್ತಕ 1727ರಲ್ಲಿ ಬಂತು. ಖರ್ಚು ಅಷ್ಟೇ ಇದ್ದು ಆದಾಯ ನಿಂತುಹೋದ ಮನೆಯ ಹಾಗೆ ಕುಂಡ ಬದಲಿಸಿದ ಗಿಡದ ಸ್ಥಿತಿ. ಬಾಡುವುದು ಅದಕ್ಕೇ.

ಇಲ್ಲಿ ಒಂದು ಮಾತು ಚೆನ್ನಾಗಿ ನೆನಪಿಡಬೇಕು. ಕುಂಡದಲ್ಲಿ ನೀರು ಇದೆ, ಹೀರಿಕೊಳ್ಳುವ ಬಾಯಿ ಇಲ್ಲ. ಆಗ ಇನ್ನಷ್ಟು ನೀರು ಸುರಿದರೆ ಏನಾಗುತ್ತದೆ? ಮಣ್ಣಿನ ಸಂದುಗಳಲ್ಲಿದ್ದ ಗಾಳಿ ಹೊರಟುಹೋಗುತ್ತದೆ. ಬೇರಿಗೂ ಉಸಿರಾಟ ಉಂಟು, ಆಮ್ಲಜನಕ ಬೇಕು. ಅದು ಸಿಗದೆ ಉಳಿದ ಬೇರೂ ಕೊಳೆಯುತ್ತದೆ. ಬೇರು ಕೊಳೆತ ಗಿಡದ ಎಲೆಯೂ ಬಾಡಿ ಹಳದಿಯಾಗುತ್ತದೆ. ನೀರಿಲ್ಲದ ಗಿಡ, ನೀರು ಹೆಚ್ಚಾದ ಗಿಡ, ಎರಡೂ ನೋಡಲು ಒಂದೇ ಥರ! ನಾನು ಎಲೆ ನೋಡಿ ತೀರ್ಪು ಕೊಟ್ಟೆ, ಮಣ್ಣಿಗೆ ಬೆರಳು ಹಾಕಿ ನೋಡಲಿಲ್ಲ. ಒಂದೇ ಒಂದು ಸಲ ಬೆರಳು ಹಾಕಿದ್ದರೂ ಆ ಮಗುವಿಗೆ ಬೈಸಿಕೊಳ್ಳುವ ಪ್ರಸಂಗ ಬರುತ್ತಿರಲಿಲ್ಲ.

ಇನ್ನು ಗೊಬ್ಬರ. ಡಿಎಪಿ ಮೂಟೆಯ ಮೇಲೆ 18-46-0 ಎಂದು ಬರೆದಿರುತ್ತದೆ, ನಮ್ಮ ಪೋಷಕರಲ್ಲಿ ರೈತರೇ ಹೆಚ್ಚು, ಅವರಿಗೆ ಗೊತ್ತು. ಹೊಲಕ್ಕೆ ಹಾಕುವ ಲೆಕ್ಕ ಬೇರೆ, ಒಂದು ಕುಂಡದ ಲೆಕ್ಕ ಬೇರೆ. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ಬೆಳಗಾಗುವಷ್ಟರಲ್ಲಿ ನೀರು ಬಿಟ್ಟಿರುತ್ತದಲ್ಲ? ರಾಸಾಯನಿಕ ಗೊಬ್ಬರವೂ ಲವಣವೇ. ಸಣ್ಣ ಜಾಗದಲ್ಲಿ ಹಿಡಿಗಟ್ಟಲೆ ಹಾಕಿದರೆ ಬೇರಿಗೆ ನೀರು ಸಿಗುವ ಬದಲು ಬೇರಿನ ನೀರೇ ಹೊರಗೆ ಬರುತ್ತದೆ. ಹಸಿ ಸಗಣಿಯೂ ಹೀಗೆಯೇ ಅಪಾಯ, ಅದು ಕುಂಡದೊಳಗೆ ಕೊಳೆಯುವಾಗ ಬಿಸಿ ಏರುತ್ತದೆ. ಗಾಯವಾದ ಬೇರಿಗೆ ಗೊಬ್ಬರ ಬೇಡ. ಹೊಸ ಚಿಗುರು ಬಂದು ಎಲೆ ಅಗಲವಾಗುವವರೆಗೆ, ಅಂದರೆ ಕಡಿಮೆಯೆಂದರೂ ನಾಲ್ಕರಿಂದ ಆರು ವಾರ ಕಾಯಬೇಕು. ಆಮೇಲೂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಹಿಡಿ ಸಾಕು.

ಜಲ್ಲಿಯ ವಿಷಯವನ್ನೂ ಹೇಳಬೇಕು, ಯಾಕೆಂದರೆ ಇದು ಎಲ್ಲ ಶಾಲೆಗಳಲ್ಲೂ ಮಾಡುವುದೇ. ತಳಕ್ಕೆ ಜಲ್ಲಿ ಹಾಕಿದರೆ ನೀರು ಬೇಗ ಬಸಿಯುತ್ತದೆ ಎಂದು ನಾನೂ ಮಕ್ಕಳಿಗೆ ಹೇಳಿದ್ದೆ. ಅದು ತಪ್ಪು. ನುಣ್ಣನೆಯ ಮಣ್ಣು ನೀರನ್ನು ಹಿಡಿದುಕೊಳ್ಳುತ್ತದೆ, ಪೂರ್ತಿ ನೆನೆದು ತುಂಬುವವರೆಗೆ ಕೆಳಗಿನ ಜಲ್ಲಿಗೆ ಬಿಟ್ಟುಕೊಡುವುದಿಲ್ಲ. ಹಾಗಾಗಿ ಜಲ್ಲಿಯ ಮೇಲೆಯೇ ಕೆಸರು ನಿಲ್ಲುತ್ತದೆ, ಬೇರಿಗೆ ಸಿಗುವ ಒಳ್ಳೆಯ ಮಣ್ಣಿನ ಎತ್ತರವೂ ಕಡಿಮೆಯಾಗುತ್ತದೆ. ಬೋರ್ಡು ಒರೆಸುವ ಸ್ಪಂಜಿನಿಂದ ತರಗತಿಯಲ್ಲಿ ತೋರಿಸಬಹುದು. ನೆನೆಸಿದ ಸ್ಪಂಜನ್ನು ಅಡ್ಡ ಹಿಡಿಯಿರಿ, ತೊಟ್ಟಿಕ್ಕುವುದು ನಿಂತ ಮೇಲೆ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಇಳಿಯುತ್ತದೆ. ಮಣ್ಣಿನ ಎತ್ತರ ಹೆಚ್ಚಿದ್ದಷ್ಟೂ ಮೇಲಿನ ಭಾಗ ಚೆನ್ನಾಗಿ ಬಸಿಯುತ್ತದೆ. ತೂತಿನ ಮೇಲೆ ಒಂದು ಹೆಂಚಿನ ಚೂರು ಬೋರಲು ಇಟ್ಟರೆ ಸಾಕು, ಮಣ್ಣು ಹೋಗುವುದಿಲ್ಲ, ನೀರು ಹೋಗುತ್ತದೆ. ನಮ್ಮ ಕುಂಡದಲ್ಲಂತೂ ಇದ್ದ ಒಂದು ತೂತೂ ಜೇಡಿಮಣ್ಣಿನಿಂದ ಕಟ್ಟಿಹೋಗಿತ್ತು.

ಕುಂಡ ಅತಿ ದೊಡ್ಡದಾಗಿದ್ದದ್ದೂ ತಪ್ಪೇ. ಇದ್ದ ಡಬ್ಬಕ್ಕಿಂತ ಎರಡು ಇಂಚು ಅಗಲದ್ದು ಸಾಕಿತ್ತು. ಬೇರು ಇಲ್ಲದ ಕಡೆಯ ಮಣ್ಣಿನ ನೀರನ್ನು ಹೀರುವವರು ಯಾರೂ ಇಲ್ಲ, ಅದು ಹಾಗೇ ತಣ್ಣಗೆ ಒದ್ದೆಯಾಗಿ ಉಳಿಯುತ್ತದೆ. ಬೆಳೆಯುವ ಹುಡುಗನಿಗೆ ಎರಡು ವರ್ಷ ಬರಲಿ ಎಂದು ಹೊಲಿಸುವ ಯೂನಿಫಾರಂ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಈಗ ಗಿಡ ಹೇಗೆ ಉಳಿಯಿತು ಅಂತ ಹೇಳುತ್ತೇನೆ. ಸಹೋದ್ಯೋಗಿಗಳು ಕಿತ್ತು ಹಾಕೋಣ ಅಂದರು. ಆಗಸ್ಟ್ 15ಕ್ಕೆ ಅತಿಥಿಗಳು ಬರುತ್ತಾರೆ, ಧ್ವಜಸ್ತಂಭದ ಪಕ್ಕ ಒಣಕಡ್ಡಿ ಚೆನ್ನಾಗಿರುವುದಿಲ್ಲ, ನರ್ಸರಿಯಿಂದ ಹೂ ಬಿಟ್ಟಿರುವ ಗಿಡ ತಂದರೆ ಆಯಿತು ಎಂಬ ಮಾತು. ಅದರಲ್ಲೂ ತಪ್ಪಿಲ್ಲ. ಆದರೆ ಮಧ್ಯಾಹ್ನದ ಊಟ ಮಾಡುವ ನಮ್ಮ ಆಯಾ ಬಂದು ಉಗುರಿನಿಂದ ಕೊಂಬೆಯ ಸಿಪ್ಪೆಯನ್ನು ಒಂಚೂರು ಕೆರೆದರು. ತುದಿಯಲ್ಲಿ ಕಂದು. ಒಂದು ಗೇಣು ಕೆಳಗೆ ಕೆರೆದರೆ ಹಸಿರು. "ಜೀವ ಅದೆ ಮಿಸ್. ಏನೂ ಮಾಡ್ಬೇಡಿ, ವಸಿ ದಿನ ಸುಮ್ನೆ ಬುಡಿ" ಅಂದರು. ನಾನು ಆಮೇಲೆ ಓದಿದ್ದೆಲ್ಲ ಈ ಮಾತಿನ ವಿವರಣೆ ಅಷ್ಟೇ.

ಮೊದಲು ಕಬ್ಬಿಣದ ಕಡ್ಡಿಯಿಂದ ಕುಂಡದ ತೂತು ಬಿಡಿಸಿದೆವು. ಬಂದ ನೀರಿನ ವಾಸನೆ ಚರಂಡಿಯಂತಿತ್ತು. ಮೇಲಿನ ಎರಡು ಇಂಚು ಮಣ್ಣನ್ನು ಕರಗದೆ ಉಳಿದಿದ್ದ ಗೊಬ್ಬರದ ಕಾಳಿನ ಸಮೇತ ತೆಗೆದೆವು. ಒಂದೇ ಒಂದು ಸಲ ಒಳ್ಳೆಯ ನೀರು ಹಾಕಿ, ಅದು ತಳದಿಂದ ಪೂರ್ತಿ ಹರಿದುಹೋಗಲು ಬಿಟ್ಟೆವು, ಲವಣ ತೊಳೆದುಹೋಗಲಿ ಎಂದು. ಆಮೇಲೆ ಕುಂಡವನ್ನು ಮೂರು ಇಟ್ಟಿಗೆಯ ಮೇಲೆ ಎತ್ತಿಟ್ಟು, ಪೂರ್ವದ ಜಗಲಿಗೆ ತಂದೆವು. ಅಲ್ಲಿ ಬೆಳಕು ಚೆನ್ನಾಗಿದೆ, ಬೆಳಗಿನ ಬಿಸಿಲು ಸ್ವಲ್ಪ ಹೊತ್ತು ಬೀಳುತ್ತದೆ, ಗಾಳಿಗೆ ಗೋಡೆ ಅಡ್ಡ ಇದೆ. ನಮ್ಮ ಬೆಟ್ಟದ ಮೇಲೆ ಜೂನ್, ಜುಲೈನಲ್ಲಿ ಬೀಸುವ ಗಾಳಿ ನಿಮಗೂ ಗೊತ್ತು. ಮೋಡ ಇದ್ದರೂ ಆ ಗಾಳಿ ಎಲೆಯ ನೀರನ್ನು ಎಳೆದುಬಿಡುತ್ತದೆ. ಉಳಿದಿದ್ದ ಮೊಗ್ಗುಗಳನ್ನು ಚಿವುಟಿದೆವು. ಕಂದು ತಿರುಗಿದ ತುದಿಗಳನ್ನು ಹಸಿರು ಇರುವವರೆಗೆ ಕತ್ತರಿಸಿದೆವು. ಹಸಿರು ಎಲೆ ಒಂದನ್ನೂ ಮುಟ್ಟಲಿಲ್ಲ. ಹೊಸ ಬೇರು ಬರಲು ಬೇಕಾದ ಆಹಾರ ಎಲೆಯಲ್ಲೇ ತಯಾರಾಗಬೇಕಲ್ಲ?

ಆಮೇಲೆ ಕಾಯುವುದು. ಇದೇ ಎಲ್ಲಕ್ಕಿಂತ ಕಷ್ಟ.

ಆ ಹುಡುಗಿಯನ್ನು ಕರೆದು, ಎಲ್ಲ ಮಕ್ಕಳ ಎದುರಿಗೆ, "ತಪ್ಪು ನಂದು ಕಣಮ್ಮ. ನಾನು ಹೇಳಿದ ಮಾತು ಬೇರೆ, ನಿನಗೆ ತಿಳಿದದ್ದು ಬೇರೆ. ನೀನು ಹೇಳಿದ ಕೆಲಸ ಮಾಡಿದೀಯ" ಅಂದೆ. ಬೈದದ್ದು ಎಲ್ಲರ ಎದುರಿಗಾದ ಮೇಲೆ ಕ್ಷಮೆ ಕೇಳುವುದು ಸ್ಟಾಫ್ ರೂಮಿನಲ್ಲಿ ಆಗಬಾರದು ಅನ್ನಿಸಿತ್ತು. ನೀರಿನ ಕೆಲಸ ಅವಳಿಗೇ ಮತ್ತೆ ಕೊಟ್ಟೆ. ಈ ಸಲ ಹೇಳಿದ್ದು, ನೀರು ಹಾಕು ಅಂತ ಅಲ್ಲ, ದಿನಾ ಬೆರಳು ಹಾಕಿ ನೋಡು ಅಂತ. ಎರಡನೇ ಗೆಣ್ಣಿನವರೆಗೆ ಬೆರಳು ಇಳಿಸಿ, ಒಳಗೆ ತೇವ ಇದ್ದರೆ ನೀರು ಬೇಡ, ಒಣಗಿದ್ದರೆ ಮಾತ್ರ ಒಂದು ಚೊಂಬು. ಅವಳು ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ "ಒದ್ದೆ", "ಒಣ" ಎಂದು ಬರೆಯತೊಡಗಿದಳು. ಮೊದಲು ತಮಿಳು ಅಕ್ಷರದಲ್ಲಿ, ಆಮೇಲಾಮೇಲೆ ಕನ್ನಡ ಅಕ್ಷರದಲ್ಲಿ. ಒತ್ತಕ್ಷರ ಒಮ್ಮೊಮ್ಮೆ ತಪ್ಪುತ್ತಿತ್ತು, ನಾನು ಕೆಂಪು ಪೆನ್ನು ಮುಟ್ಟಿಸಲಿಲ್ಲ. ಮೊದಲ ಆರು ದಿನ ಬರೀ "ಒದ್ದೆ". ಅಷ್ಟು ದಿನ ನೀರು ಬೇಕಾಗಿರಲೇ ಇಲ್ಲ!

ಇಪ್ಪತ್ತು ದಿನ ಗಿಡದಲ್ಲಿ ಏನೂ ಕಾಣಲಿಲ್ಲ. ಇನ್ನೂ ಎರಡು ಎಲೆ ಬಿದ್ದವು. ಜುಲೈ ಕೊನೆಗೆ ಗೆಣ್ಣುಗಳಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಉಬ್ಬು ಕಂಡಿತು. ಆಗಸ್ಟ್ 15ಕ್ಕೆ ಧ್ವಜಸ್ತಂಭದ ಪಕ್ಕ ನರ್ಸರಿಯ ಹೂಗಿಡಗಳು ಬಂದವು, ಚೆನ್ನಾಗಿಯೇ ಕಂಡವು. ನಮ್ಮ ದಾಸವಾಳ ಜಗಲಿಯಲ್ಲಿ ಏಳೆಂಟು ಎಳೆ ಎಲೆ ಇಟ್ಟುಕೊಂಡು ಕೂತಿತ್ತು. ಮೊದಲ ಹೂ ಬಂದದ್ದು ಅಕ್ಟೋಬರಿನಲ್ಲಿ, ಕಾಲು ವಾರ್ಷಿಕ ರಜೆ ಮುಗಿದು ಬಂದ ಮೇಲೆ. ನೋಟ್‌ಬುಕ್ಕಿನಲ್ಲಿ ಆ ದಿನ "ಹೂ" ಎಂದು ಮಾತ್ರ ಬರೆದಿದ್ದಳು.

ಈ ಅನುಭವದಿಂದ ನಮ್ಮ ಕನ್ನಡ ಶಾಲೆಗಳ ಶಿಕ್ಷಕ ಮಿತ್ರರಿಗೆ, ಪೋಷಕರಿಗೆ ಹೇಳಬೇಕು ಅನ್ನಿಸಿದ್ದನ್ನು ಒಂದು ಕಡೆ ಬರೆಯುತ್ತೇನೆ.

1. ಸಮಾರಂಭಕ್ಕೆ ಎಂದು ಕುಂಡ ಬದಲಿಸಬೇಡಿ. ಪರಿಸರ ದಿನ ಬಂದರೆ ಬೀಜ ಬಿತ್ತಿ, ಕಡ್ಡಿ ನೆಡಿ. ಕುಂಡ ಬದಲಿಸುವುದು ಗಿಡದ ಅಗತ್ಯ ನೋಡಿ, ಹೂವಿನ ಕಾಲ ಮುಗಿದ ಮೇಲೆ, ಮೋಡ ಇರುವ ದಿನ, ಸಂಜೆ ಹೊತ್ತು. ಮುಂದೆ ಒಂದು ತಿಂಗಳು ದೊಡ್ಡ ರಜೆ ಇರಬಾರದು. ಬೇಸಿಗೆ ರಜೆಗೆ ಮುಂಚೆಯಂತೂ ಬೇಡವೇ ಬೇಡ.

2. ಹಿಂದಿನ ದಿನವೇ ಗಿಡಕ್ಕೆ ನೀರು ಹಾಕಿ. ನರ್ಸರಿ ಕವರಿನ ಗಿಡ ಗಟ್ಟಿ ಕೆಮ್ಮಣ್ಣಿನ ಉಂಡೆಯಲ್ಲಿರುತ್ತದೆ. ಒಣ ಉಂಡೆಯನ್ನು ಹಾಗೇ ಕುಂಡದಲ್ಲಿಟ್ಟರೆ ನಾವು ಹಾಕುವ ನೀರು ಸುತ್ತಲಿನ ಸಡಿಲ ಮಣ್ಣಿನಲ್ಲಿ ಇಳಿದುಹೋಗಿ ಉಂಡೆಯ ಒಳಗೆ ಒಣಗಿಯೇ ಇರುತ್ತದೆ. ಹೊರಗಿನ ಮಣ್ಣು ಒದ್ದೆ, ಗಿಡ ಮಾತ್ರ ಬಾಡು, ಅಂದರೆ ಇದನ್ನು ಅನುಮಾನಿಸಿ.

3. ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳದಲ್ಲಿ ನೆಡಿ. ಕಾಂಡ ಹೂತರೆ ಬುಡ ಕೊಳೆಯುತ್ತದೆ. ಗುಲಾಬಿಯಾದರೆ ಕಸಿಯ ಗಂಟು ಮಣ್ಣಿನ ಮೇಲಿರಲಿ. ಗಂಟಿನ ಕೆಳಗಿನಿಂದ ಬರುವ ಚಿಗುರು ಕಾಡು ಬೇರಿನದ್ದು, ಗಿಡ ಚೇತರಿಸಿತು ಎಂದು ಸಂತೋಷಪಟ್ಟು ಬಿಟ್ಟುಕೊಂಡರೆ ನಿಮಗೆ ಬೇಕಾದ ಹೂ ಬರುವುದಿಲ್ಲ. ಅದನ್ನು ತೆಗೆಯಿರಿ.

4. ನೆಟ್ಟ ದಿನ ಒಮ್ಮೆ ಚೆನ್ನಾಗಿ ನೀರು, ತಳದಿಂದ ಹರಿಯುವಷ್ಟು. ಆಮೇಲೆ ಬೆರಳು ಹೇಳಿದಾಗ ಮಾತ್ರ. ಒಂದು ಗಿಡಕ್ಕೆ ಒಂದೇ ಮಗು. ಮೂವತ್ತು ಮಕ್ಕಳೂ ಪ್ರೀತಿಯಿಂದ ಒಂದೊಂದು ಲೋಟ ಹಾಕಿದರೆ ಗಿಡಕ್ಕೆ ಮೂವತ್ತು ಲೋಟ!

5. ತಟ್ಟೆ ತೊಳೆದ ನೀರು ಈ ಗಿಡಗಳಿಗೆ ಹೋಗದಂತೆ ನೋಡಿಕೊಳ್ಳಿ. ಸಾಂಬಾರಿನ ಉಪ್ಪು, ಸೋಪು ಎರಡೂ ಅದರಲ್ಲಿರುತ್ತವೆ.

6. ಒಂದೆರಡು ವಾರ ಬೆಳಕಿರುವ ನೆರಳು. ನಂತರ ಬೆಳಗಿನ ಬಿಸಿಲು, ಆಮೇಲೆ ಪೂರ್ತಿ ಬಿಸಿಲು, ಹಂತಹಂತವಾಗಿ. ಕತ್ತಲೆ ಕೋಣೆ ಬೇಡ.

7. ಎಲೆಯೆಲ್ಲ ಬಿದ್ದರೂ ಕೀಳುವ ಮುಂಚೆ ತುದಿಯಿಂದ ಬುಡದವರೆಗೆ ಅಲ್ಲಲ್ಲಿ ಸಿಪ್ಪೆ ಕೆರೆದು ನೋಡಿ. ಎಲ್ಲಾದರೂ ಹಸಿರು ಇದ್ದರೆ ಎರಡು ತಿಂಗಳು ಕೊಡಿ. ಬುಡದವರೆಗೂ ಕಂದಾಗಿ ಒಣಗಿದ್ದರೆ ಆಗ ಕಿತ್ತರೆ ತಪ್ಪಿಲ್ಲ.

ಇಷ್ಟಕ್ಕೂ ಒಂದು ದಾಸವಾಳದ ಗಿಡಕ್ಕೆ ಇಷ್ಟೆಲ್ಲ ಯಾಕೆ, ಸ್ವಲ್ಪ ದುಡ್ಡಿಗೆ ಹೊಸದು ಸಿಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಮನೆಯಲ್ಲಾದರೆ ಆ ಮಾತು ಒಪ್ಪುತ್ತೇನೆ. ಶಾಲೆಯಲ್ಲಿ ಒಪ್ಪುವುದಿಲ್ಲ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಜನವರಿಗೆ, ಆಗಸ್ಟಿಗೆ ಫಲಪುಷ್ಪ ಪ್ರದರ್ಶನ ನಡೆಯುತ್ತದಲ್ಲ, ಅಲ್ಲಿ ಕಾಣುವ ಸಾವಿರಾರು ಕುಂಡಗಳ ಹೂವಿನ ಹಿಂದೆ ತಿಂಗಳುಗಟ್ಟಲೆ ತಯಾರಿ ಇರುತ್ತದೆ. ನಾವು ನೋಡುವುದು ಹೂ ಬಿಟ್ಟ ದಿನವನ್ನು ಮಾತ್ರ. ಮಕ್ಕಳಿಗೂ ಬರೀ ಆ ದಿನವನ್ನೇ ತೋರಿಸಿ, ಬಾಡಿದ್ದನ್ನೆಲ್ಲ ಅವರ ಕಣ್ಣೆದುರಿಗೇ ತಿಪ್ಪೆಗೆ ಎಸೆದರೆ, ಬಾಡಿದ್ದಕ್ಕೆ ಬೆಲೆ ಇಲ್ಲ ಎಂಬ ಪಾಠ ಅವರು ಕಲಿಯುತ್ತಾರೆ. ನಾವು ಬೋರ್ಡಿನ ಮೇಲೆ ಏನು ಬರೆದರೂ ಆ ಪಾಠ ಅಳಿಸುವುದಿಲ್ಲ.

ಗಿಡವನ್ನು ಮಗುವಿಗೆ ಹೋಲಿಸಿ ಭಾಷಣ ಮಾಡುವುದು ನನಗೆ ಇಷ್ಟವಿಲ್ಲ. ಆದರೆ ಗಡಿಯಲ್ಲಿ ಪಾಠ ಮಾಡುವ ನಮಗೆಲ್ಲ ಒಂದು ವಿಷಯ ಗೊತ್ತು. ಪ್ರತಿ ಜೂನ್‌ನಲ್ಲೂ ನಮ್ಮ ತರಗತಿಗೆ ಒಂದಿಬ್ಬರಾದರೂ ಬೇರೆ ಊರಿನಿಂದ, ಬೇರೆ ಮಾಧ್ಯಮದಿಂದ ಬಂದ ಮಕ್ಕಳು ಸೇರುತ್ತಾರೆ. ನಮ್ಮ ಮಕ್ಕಳೂ ಐದನೆಯದೋ ಎಂಟನೆಯದೋ ಮುಗಿಸಿ ತಮಿಳು ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುತ್ತಾರೆ. ಮೊದಲ ತಿಂಗಳ ಪರೀಕ್ಷೆಯ ಅಂಕ ನೋಡಿ ನಾವು ತೀರ್ಪು ಕೊಟ್ಟುಬಿಡುತ್ತೇವೆ, ಟ್ಯೂಷನ್ ಹಾಕುತ್ತೇವೆ, ಬೈಯುತ್ತೇವೆ. ನಾನೂ ಮಾಡಿದ್ದೇನೆ. ಈಗ ಮೊದಲ ಎರಡು ತಿಂಗಳು ಹೊಸ ಮಗುವಿನ ಬಗ್ಗೆ ಯಾವ ಅಭಿಪ್ರಾಯವನ್ನೂ ರಿಜಿಸ್ಟರಿನಲ್ಲಿ ಬರೆಯುವುದಿಲ್ಲ. ಇಷ್ಟು ಹೇಳಿದರೆ ಸಾಕು.

ಆ ಹುಡುಗಿ ಈಗ ಬೇರೆ ಶಾಲೆಗೆ ಹೋಗಿದ್ದಾಳೆ. ದಾಸವಾಳ ಇನ್ನೂ ಅದೇ ಜಗಲಿಯಲ್ಲಿ, ಅದೇ ಕುಂಡದಲ್ಲಿ ಇದೆ. ಈಗ ಬೇರು ಆ ಕುಂಡವನ್ನು ತುಂಬಿಕೊಂಡಿದೆ, ನೀರು ನಿಲ್ಲುವುದಿಲ್ಲ. ನೋಟ್‌ಬುಕ್ಕನ್ನು ಅವಳ ನಂತರ ಇನ್ನೊಬ್ಬ ಹುಡುಗ ಮುಂದುವರಿಸುತ್ತಿದ್ದಾನೆ. ನಾನು "ತೊಟ್ಟಿ" ಎಂಬ ಪದ ಬಳಸುವಾಗಲೆಲ್ಲ ಈಗ ಕೈ ತೋರಿಸಿಯೇ ಹೇಳುತ್ತೇನೆ.

ನಿಮ್ಮ ಶಾಲೆಯಲ್ಲಿ, ಮನೆಯಲ್ಲಿ ಈಗ ಬಾಡಿ ಕೂತಿರುವ ಕುಂಡ ಇದ್ದರೆ ಇವತ್ತು ಸಂಜೆ ಮಣ್ಣಿಗೊಮ್ಮೆ ಬೆರಳು ಹಾಕಿ, ಕೊಂಬೆಯನ್ನೊಮ್ಮೆ ಕೆರೆದು ನೋಡಿ. ಹಸಿರು ಕಂಡರೆ ನೆರಳಿಗೆ ಇಟ್ಟು ಕಾಯಿರಿ.